ಚಲೂಯ್ ಮನೆಯ ಬಾಣಂತನ

ಚಲೂಯ್ ಅಜ್ಜಿ ನಮ್ಮ ಮೆಟ್ಟಿಲಿಗೆ ದೋಣಿ ಕಟ್ಟುತ್ತಿರುವುದು ಕಂಡಾಗ ನನ್ನ ತೊಡೆಯ ಮೇಲೆ ಮಾಲೀಸಿಗೆ ಬಂದ ಒಬ್ಬ ಮೀನು ವ್ಯಾಪಾರಿಯ ಕಾಲಿತ್ತು. ಅದನ್ನು ಹಾಗೇ ಚಾಪೆಯ ಮೇಲೆ ಇಳಿಸಿ ಒಳಗೆ ಹೋದೆ. ಸಮ್ಲಿ ಶಾಖ ಕೊಡುವ ಮದ್ದಿನ ಗಂಟಿಗೆಂದು ಮಜ್ಜಿಗೆಹುಲ್ಲು ಹೆಚ್ಚುತ್ತಾ ಕೂತಿದ್ದಳು.

“ಅಕ್ಕಾ, ನಿಮ್ಮ ಹಳೇ ಅತ್ತೆ ಬರ್ತಾ ಇದಾರೆ. ಓಡೋದಿದ್ರೆ ಹಿಂದಿನ ಬಾಗಿಲು ತೆಗೆದಿದೆ.”

“ಒಂದ್ಸಲ ಓಡಿದ್ದು ಸಾಕು ವಂದೀ,” ಅಂದಳು, ಕತ್ತಿ ನಿಲ್ಲಿಸದೆ.

ಅಂಪವಾ ಕಾಲುವೆಯ ದಡದಲ್ಲಿ, ಬೌದ್ಧ ಗುಡಿಯ ಆವರಣದೊಳಗೇ ಇರುವ ಈ ಮಾಲೀಸು ಕೋಣೆಯನ್ನು ನಾವಿಬ್ಬರು ಹೆಂಗಸರು ಬಹಳ ಕಾಲದಿಂದ ನಡೆಸಿಕೊಂಡು ಬಂದಿದ್ದೇವೆ. ಅದಕ್ಕೂ ಮೊದಲು ಸಮ್ಲಿ ಚಲೂಯ್ ಅಜ್ಜಿಯ ಸೊಸೆ, ವಿರೋಜ್‌ನ ಹೆಂಡತಿ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಉಸಿರಿರಲಿಲ್ಲ. ಆಮೇಲೆ ಮತ್ತೆ ಬಸಿರು ನಿಲ್ಲಲಿಲ್ಲ. ಆ ಮನೆಯಲ್ಲಿ ದಿನಾ ಅದೇ ಮಾತಾದಾಗ ಒಂದು ಬೆಳಿಗ್ಗೆ ಬಟ್ಟೆ ಕಟ್ಟಿಕೊಂಡು ಬಂದುಬಿಟ್ಟಳು. ಇಷ್ಟು ಊರಿಗೆಲ್ಲ ಗೊತ್ತು. ಇದಕ್ಕಿಂತ ಹೆಚ್ಚು ಅವಳೂ ನನಗೆ ಹೇಳಿರಲಿಲ್ಲ, ನಾನೂ ಕೆದಕಿರಲಿಲ್ಲ.

ಅಜ್ಜಿ ಒಳಗೆ ಬಂದವಳು ಕೂರಲಿಲ್ಲ.

“ಸೊಸೆಗೆ ಹೆರಿಗೆಯಾಗಿದೆ. ಹಾಲು ಕಟ್ಕೊಂಡು ಎದೆ ಕಲ್ಲಾಗಿದೆ. ಮಗು ಅತ್ತೂ ಅತ್ತೂ ದನಿ ಬಿದ್ದುಹೋಗಿದೆ. ಶಾಖ ಕೊಡೋಕೆ ಬಾ.”

“ಸೂಲಗಿತ್ತಿ ಸೊಯ್ ಇಲ್ವಾ?”

“ಅವಳು ಮಗಳ ಊರಿಗೆ ಹೋಗಿ ಕೂತಿದಾಳೆ. ಇದ್ದಿದ್ರೆ ನಿನ್ನ ಬಾಗಿಲಿಗೆ ಯಾಕೆ ಬರ್ತಿದ್ದೆ?”

“ಕೇಳೋಕೆ ಬಂದ್ರೂ ಗತ್ತು ನೋಡು,” ಅಂದೆ ನಾನು, ಅವಳಿಗೆ ಕೇಳಿಸಲಿ ಅಂತಲೇ. ಸಮ್ಲಿ ನನ್ನತ್ತ ಕಣ್ಣು ಬಿಟ್ಟಳು.

“ಊಟ ಆದ್ಮೇಲೆ ಬರ್ತೀನಿ, ಅಜ್ಜಿ.”

ಚಲೂಯ್ ಒಂದು ಕ್ಷಣ ತಬ್ಬಿಬ್ಬಾದಳು. ಆ ಮನೆಯಲ್ಲಿ ಇದ್ದಷ್ಟು ದಿನ ಸಮ್ಲಿ ಅವಳನ್ನು ಕರೆದದ್ದು ಅಮ್ಮಾ ಅಂತ. ಹೋಗಿ ದೋಣಿ ಹತ್ತಿದಳು.

ಹಬೆಪಾತ್ರೆ, ಮದ್ದಿನ ಗಂಟುಗಳು ಎಲ್ಲ ಹೊತ್ತು ನಾನೂ ಜೊತೆಗೆ ಹೋದೆ. ಕಾಡುಶುಂಠಿ, ಅರಿಶಿನ, ಹುಣಸೆಎಲೆ, ಕರ್ಪೂರ, ಉಪ್ಪು ಎಲ್ಲ ಸೇರಿಸಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಗಂಟುಗಳು, ಮುಷ್ಟಿಯಲ್ಲಿ ಹಿಡಿಯಲು ಮೇಲೊಂದು ಹಿಡಿ. ಹಬೆ ಏಳುವಷ್ಟರಲ್ಲಿ ಚಲೂಯ್ ಮನೆಯ ಒಳಗೆಲ್ಲ ಅದರದೇ ವಾಸನೆ.

ಬಾಣಂತಿಯ ಹೆಸರು ಬುವಾಲಾಯ್. ಈಶಾನ್ಯದ ಕಡೆಯ ಹುಡುಗಿ. ಮಹಾಚಾಯ್ ಬಂದರಿನಲ್ಲಿ ಸಿಗಡಿ ಸುಲಿಯುವ ಕೆಲಸದಲ್ಲಿದ್ದಾಗ ವಿರೋಜ್ ಕಟ್ಟಿಕೊಂಡು ಬಂದದ್ದು. ವಿರೋಜ್ ಈಗ ಮೀನಿನ ಹಡಗಿನಲ್ಲಿ, ದಡಕ್ಕೆ ಬರುವುದು ಇನ್ನೂ ತಡ. ಹುಡುಗಿ ಕುತ್ತಿಗೆವರೆಗೆ ಹೊದ್ದು, ಯಾರೂ ಮುಟ್ಟಬೇಡಿ ಎನ್ನುವಂತೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಸಮ್ಲಿ ಪಕ್ಕದಲ್ಲಿ ಕೂತು, ನಮ್ಮ ವಿದ್ಯೆಯ ಆದಿವೈದ್ಯ ಜೀವಕ ಗುರುವಿಗೆ ಕೈಮುಗಿದು, ಅವಳ ಕುತ್ತಿಗೆಗೆ ಹಿಂಗೈ ಇಟ್ಟಳು. ಹೊದಿಕೆ ಸರಿಸಿ ನೋಡಿದಳು. ಒಂದು ಕಡೆಯ ಎದೆ ಕೆಂಪಡರಿ ಊದಿತ್ತು.

“ವಂದೀ, ಒಲೆ ಆರಿಸು.”

“ಈಗಷ್ಟೇ ಹಬೆ ಬರ್ತಿದೆ ಅಕ್ಕಾ.”

“ಆರಿಸು ಅಂದ್ನಲ್ಲ. ಮೈ ಸುಡ್ತಿದೆ. ಇಂಥಾ ಜ್ವರದ ಮೇಲೆ ಶಾಖ ಕೊಡೋ ಹಾಗಿಲ್ಲ. ಮೊದಲು ಆಸ್ಪತ್ರೆ.”

ಬಾಗಿಲಲ್ಲಿ ಮಗುವನ್ನು ತೂಗುತ್ತಿದ್ದ ಚಲೂಯ್ ಸಿಡಿದಳು. “ಆಸ್ಪತ್ರೆಯಂತೆ! ಅಲ್ಲಿಗೇ ಹೋಗೋದಾಗಿದ್ರೆ ನೀನ್ಯಾಕೆ ಬೇಕಿತ್ತು? ಸೇಡು ತೀರಿಸ್ಕೋತಿದೀಯ. ಇವಳ ಹಾಲೂ ಬತ್ತಿಹೋಗ್ಲಿ ಅಂತ ತಾನೇ ನಿನ್ನ ಆಸೆ?”

ಸಮ್ಲಿ ಎದ್ದು ನಿಂತಳು. ದನಿ ಏರಿಸಲಿಲ್ಲ.

“ಹಾಲು ಬತ್ತಿಸೋದು ನಂಗೆ ಚೆನ್ನಾಗಿ ಗೊತ್ತು ಅಜ್ಜಿ. ಈ ಮನೇಲೇ ಕಲ್ತಿದ್ದು. ನನ್ನ ಮಗು ಹೋದ್ಮೇಲೂ ನಂಗೆ ಹಾಲು ಬಂತು. ಹಾಲಿಗೇನು ಗೊತ್ತು ಮಗು ಇಲ್ಲ ಅಂತ? ಶಾಖ ಕೊಡಿಸಿ ಅಂತ ಕೇಳಿದ್ದಕ್ಕೆ, ಮಗು ಇಲ್ಲದವಳಿಗೆ ಎಂಥಾ ಬಾಣಂತನ ಅಂದ್ರಿ. ಎದೆಗೆ ಬಟ್ಟೆ ಬಿಗಿದ್ಕೊಂಡು ಹಿಂದಿನ ಕೋಣೇಲಿ ಬಿದ್ದಿದ್ದೆ. ನೀವು ಒಳಗೆ ಇಣುಕಿ ಸಹ ನೋಡ್ಲಿಲ್ಲ. ಬೈಯೋದು ಇನ್ನೂ ಇದ್ರೆ ದೋಣೀಲಿ ಬೈರಿ. ಈಗ ಮಗೂಗೆ ಒಂದು ಬಟ್ಟೆ ಸುತ್ತಿ, ಹೊರಡೋಣ.”

ಬುವಾಲಾಯ್ ಇಬ್ಬರ ಮುಖವನ್ನೂ ನೋಡಿದಳು.

“ಅಕ್ಕಾ... ಆ ಮೊದಲನೆಯವರು ನೀವೇನಾ?”

“ನಾನೇ. ಏಳು, ನನ್ನ ಹೆಗಲು ಹಿಡ್ಕೋ.”

ದೋಣಿಯಲ್ಲಿ ಚಲೂಯ್ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಹುಡುಗಿಯನ್ನು ಅಂದೇ ಒಳಗೆ ಸೇರಿಸಿಕೊಂಡರು. ಇನ್ನೂ ತಡವಾಗಿದ್ದರೆ ಕೀವು ಕಟ್ಟಿ ಕೊಯ್ಯಬೇಕಾಗುತ್ತಿತ್ತು ಅಂದರಂತೆ ಡಾಕ್ಟರು. ಬಾಣಂತಿಗೆ ಒಳ್ಳೆಯದೆಂದು ಸಮ್ಲಿ ಪ್ರತಿ ಸಂಜೆ ಬಾಳೆಹೂವಿನ ಸಾರು ಮಾಡಿ, ಮೆಣಸು ಹೆಚ್ಚಾಗಿ ಹಾಕಿ, ಡಬ್ಬಿಯಲ್ಲಿ ಒಯ್ದು ಕೊಟ್ಟು ಬರುತ್ತಿದ್ದಳು. “ನಿಮಗ್ಯಾಕೆ ಬೇಕಿತ್ತು ಅಕ್ಕಾ?” ಅಂದರೆ, “ನಿಂಗೂ ಒಂದು ಬಟ್ಟಲು ಇಟ್ಟಿದೀನಿ, ಬಾಯಿ ಮುಚ್ಕೊಂಡು ಕುಡಿ,” ಅನ್ನುತ್ತಿದ್ದಳು.

ಜ್ವರ ಬಿಟ್ಟು, ಕೆಂಪು ಇಳಿದು, ಹುಡುಗಿ ಮನೆಗೆ ಬಂದಳು. ಎದೆಯ ಗಟ್ಟಿತನ ಮಾತ್ರ ಇನ್ನೂ ಪೂರ್ತಿ ಕರಗಿರಲಿಲ್ಲ. ಹಗುರವಾಗಿ ಶಾಖ ಕೊಡಬಹುದೆಂದು ಡಾಕ್ಟರೂ ಒಪ್ಪಿದ ಮೇಲೆ ನಾವು ಮತ್ತೆ ಹಬೆಪಾತ್ರೆ ಹೊತ್ತುಕೊಂಡು ಹೋದೆವು. ಈ ಸಲ ಒಲೆ ನಾನು ಹಚ್ಚಬೇಕಾಗಲಿಲ್ಲ. ಚಲೂಯ್ ಆಗಲೇ ನೀರು ಕಾಯಿಸಿ, ಒಂದು ಹಳೇ ಬಟ್ಟೆ ಕೈಗೆ ಸುತ್ತಿಕೊಂಡು ಒಲೆಯ ಮುಂದೆ ಕೂತಿದ್ದಳು. ಒಂದು ಗಂಟು ಆರುತ್ತಿದ್ದಂತೆ ಇನ್ನೊಂದನ್ನು ತಾನೇ ತೆಗೆದುಕೊಡುತ್ತಿದ್ದಳು, ಮುಖ ನೋಡದೆ.

ಸಮ್ಲಿ ಪ್ರತಿ ಗಂಟನ್ನೂ ಮೊದಲು ತನ್ನ ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡುತ್ತಿದ್ದಳು. ಬೆನ್ನು, ಹೆಗಲು, ಸೊಂಟ ಮುಗಿಸಿ ಎದೆಯ ಅಂಚಿಗೆ ಬಂದಳು. ಮೊದಲು ಮುಟ್ಟಿ ಮುಟ್ಟಿ ಎತ್ತುವುದು, ಬಿಸಿ ತಡೆಯುವಂತಾದ ಮೇಲೆ ಒಂದಿಷ್ಟು ಹೊತ್ತು ಊರುವುದು.

“ಅಕ್ಕಾ, ನನ್ನ ಮೇಲೆ ನಿಮಗೆ ಸಿಟ್ಟಿಲ್ವಾ?” ಎಂದು ಬುವಾಲಾಯ್ ಕೇಳಿದಳು.

“ಇತ್ತು, ನಿನ್ನ ನೋಡೋ ತನಕ. ಯಾವಳೋ ಅಂದಗಾತಿ ಇರ್ಬೇಕು ಅಂದ್ಕೊಂಡಿದ್ದೆ.”

“ಅಂದ್ರೆ ನಾನು ಅಂದವಾಗಿಲ್ವಾ?”

“ಕನ್ನಡಿ ತರ್ಲಾ? ಅರಿಶಿನದ ನೀರಿಗೆ ಬಿದ್ದ ಕಪ್ಪೆ ಥರ ಇದೀಯ.”

ಹುಡುಗಿ ನಗಲು ಹೋದಳು. ಎದೆ ನೋಯಿತು, ಅಯ್ಯೋ ಅಂದಳು, ಆದರೂ ನಕ್ಕಳು. ಆಗಲೇ ಹಾಲು ಇಳಿದದ್ದು. ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ಸಮ್ಲಿಯ ತೋಳಿನ ಮೇಲೆ ಹರಿಯುವಷ್ಟು. “ಮಗೂನ ಕೊಡಿ, ಬೇಗ,” ಅಂದಳು ಸಮ್ಲಿ. ಚಲೂಯ್ ತಂದು ಮಲಗಿಸಿದಳು. ಮಗು ಬಾಯಿ ಹಾಕಿ ಗುಟುಕರಿಸತೊಡಗಿತು. ಹುಡುಗಿ ನಗುತ್ತಲೇ ಅಳುತ್ತಿದ್ದಳು.

ಮರಳುವಾಗ ದೋಣಿಯಲ್ಲಿ ಕೇಳಿದೆ. “ನಿಜ ಹೇಳಿ ಅಕ್ಕಾ, ಏನೂ ಅನ್ನಿಸ್ಲಿಲ್ವಾ?”

“ಅನ್ನಿಸ್ದೆ ಇರುತ್ತಾ? ಆ ಹಾಲು ಕೈಮೇಲೆ ಬಿದ್ದಾಗ ಎದ್ದು ಹೋಗಿಬಿಡೋಣ ಅನ್ನಿಸ್ತು.”

“ಮತ್ತೆ ಯಾಕೆ ಹೋಗ್ಲಿಲ್ಲ?”

“ಎದ್ರೆ ಗಂಟು ಆರಿಹೋಗ್ತಿತ್ತು.”

ಶಾಖ ಕೊಡುವ ಕೊನೆಯ ದಿನ ವಿರೋಜ್ ಬಂದ. ಬಿಸಿಲಿಗೆ ಕಪ್ಪಾಗಿ, ಹೆಗಲ ಮೇಲೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತವನಿಗೆ ಯಾರನ್ನು ಮೊದಲು ಮಾತಾಡಿಸಬೇಕೆಂದು ತಿಳಿಯಲಿಲ್ಲ.

“ಚೆನ್ನಾಗಿದೀಯಾ ಸಮ್ಲಿ?”

“ಇದೀನಿ. ಕೈಕಾಲು ತೊಳ್ಕೊಂಡು ಬಾ, ಬಾಣಂತಿ ಕೋಣೆ ಇದು.”

ಅವನು ಹೋಗಿ ತೊಳೆದುಕೊಂಡು ಬಂದ. ಅಷ್ಟರಲ್ಲಿ ನಾವು ಹೊರಟಿದ್ದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಚಲೂಯ್ ಅಜ್ಜಿ ಮಂಡಿ ಹಿಡಿದಿದೆ ಎಂದು ನಮ್ಮ ಕೋಣೆಗೆ ಬಂದಳು. ಸರದಿ ಬರುವವರೆಗೆ ಜಗಲಿಯಲ್ಲಿ ಕೂರಿ ಅಂದೆ. ಕೂತಳು. ಬೇಕಂತಲೇ ನಾನು ಇನ್ನೊಬ್ಬರನ್ನು ಮುಂದೆ ಬಿಟ್ಟೆ. ಆಗಲೂ ಕೂತೇ ಇದ್ದಳು. ಸಮ್ಲಿ ಅವಳನ್ನು ಚಾಪೆಯ ಮೇಲೆ ಮಲಗಿಸಿ ಮಂಡಿಗೆ ಗಂಟು ಒತ್ತತೊಡಗಿದಳು. ನಾನು ಪಕ್ಕದ ಚಾಪೆಯಲ್ಲಿದ್ದೆ.

“ಆ ಮಗೂಗೆ ನೀನು ಹೆಸರಿಟ್ಟಿದ್ಯಾ?” ಚಲೂಯ್ ಮೇಲಿನ ತೊಲೆ ನೋಡುತ್ತಾ ಕೇಳಿದಳು.

“ಯಾಕೆ ಈಗ?”

“ಹುಣ್ಣಿಮೆ ಬಂತಲ್ಲ. ಭಿಕ್ಷುಗಳಿಗೆ ಅನ್ನ ಕೊಟ್ಟು ಸತ್ತವರ ಹೆಸರಲ್ಲಿ ನೀರೆರೆಯೋವಾಗ ಹೆಸರು ಹೇಳ್ಬೇಕು. ಇಷ್ಟು ವರ್ಷ ಬರೀ ಸಮ್ಲಿಯ ಮಗು, ಸಮ್ಲಿಯ ಮಗು ಅಂತಾನೇ ಹೇಳ್ಕೊಂಡು ಬಂದಿದೀನಿ. ಆ ಪುಣ್ಯ ಅದಕ್ಕೆ ತಲುಪಿದ್ಯೋ ಇಲ್ವೋ.”

ಸಮ್ಲಿಯ ಕೈ ನಿಂತಿತು.

“ಇಷ್ಟು ವರ್ಷ ಎರೀತಿದ್ರಾ?”

“ಮತ್ತೆ? ನನ್ನ ಮೊಮ್ಮಗಳಲ್ವಾ?” ಎಂದಳು ಮುದುಕಿ. ಸ್ವಲ್ಪ ತಡೆದು, “ಅವತ್ತು ಒಳಗೆ ಬರೋಕೆ ನಂಗೆ ಧೈರ್ಯ ಇರ್ಲಿಲ್ಲ ಕಣೇ. ಬಾಯಿ ಮಾತ್ರ ಇತ್ತು,” ಅಂದಳು.

ಸಮ್ಲಿ ಬಿಸಿ ಗಂಟು ತರುತ್ತೇನೆಂದು ಎದ್ದು ಹಿತ್ತಲಿಗೆ ಹೋದಳು. ಹಬೆಪಾತ್ರೆ ಅಲ್ಲೇ ಕೋಣೆಯಲ್ಲೇ ಇತ್ತು. ನಾನು ಹಿಂದೆ ಹೋಗಲಿಲ್ಲ, ಅಜ್ಜಿಯೂ ಕರೆಯಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು.

“ಕೇವ್ತಾ,” ಅಂದಳು.

“ಕೇವ್ತಾ,” ಎಂದು ಅಜ್ಜಿ ಒಂದೆರಡು ಸಲ ಬಾಯಲ್ಲೇ ಆಡಿಸಿಕೊಂಡಳು. “ಒಳ್ಳೇ ಹೆಸರು. ಸ್ವಲ್ಪ ಮೇಲೆ ಒತ್ತು, ನೋವು ಅಲ್ಲಿದೆ.”

ಹುಣ್ಣಿಮೆಯ ದಿನ ಬೆಳಗಿನ ಗಿರಾಕಿಗಳನ್ನು ನನಗೆ ಒಪ್ಪಿಸಿ ಸಮ್ಲಿ ಅನ್ನದ ಪಾತ್ರೆ ಹಿಡಿದು ಗುಡಿಗೆ ಹೋದಳು. ಬುವಾಲಾಯ್ ಮಗುವನ್ನು ಎತ್ತಿಕೊಂಡು ಬಂದಿದ್ದಳಂತೆ, ವಿರೋಜ್ ಚಪ್ಪಲಿ ಕಾಯುತ್ತಾ ಹೊರಗೇ ನಿಂತಿದ್ದನಂತೆ. ಮಂತ್ರ ಶುರುವಾಗಿ ಚಲೂಯ್ ಬಟ್ಟಲಿಗೆ ನೀರೆರೆಯುವಾಗ, ಮನೆಯವರೆಲ್ಲ ಒಬ್ಬರನ್ನೊಬ್ಬರು ಮುಟ್ಟಿಕೊಂಡು ಕೂರುವ ಹಾಗೆ, ಸಮ್ಲಿ ಅವಳ ಮೊಣಕೈ ಹಿಡಿದು ಕೂತಿದ್ದಳು ಎಂದು ನೋಡಿದವರು ಹೇಳಿದರು.