ಅಕ್ಕಿ ಡಬ್ಬಿಯ ಹಿಂದಿನ ಬೋಟು

ಮೀನು ಸಿಕ್ಕಿದ ಜಾಗವನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಬಾರದು ಎಂಬುದು ತದಡಿ ಬಂದರಿನ ಮಾಬ್ಲನ ನೇಮ. ಅಂಥವನ ಬೋಟು ಮೀನುಗಾರರ ಸಂಘದ ಟಿವಿಯಲ್ಲಿ ಚುಕ್ಕೆಯಾಗಿ ಓಡಾಡುತ್ತದೆ ಎಂದರೆ ಮೈ ಉರಿಯದೆ ಇದ್ದೀತೇ?

ಆ ಟಿವಿಯ ಡ್ಯಾಶ್‌ಬೋರ್ಡಿಗೆ ಗ್ಯಾಜೆಟ್ ಮಾಡುವವಳು ಕಲ್ಪನಾ. ಭರತ-ಇಳಿತಕ್ಕೊಂದು, ಐಸಿಗೊಂದು, ಡೀಸೆಲ್ಲಿಗೊಂದು ಎಂದು ಪರದೆಯ ಮೇಲೆ ಪುಟ್ಟ ಚೌಕಗಳನ್ನು ಕೂರಿಸಿದ್ದಳು. ಹೊಸ ಚೌಕ ಬೋಟುಗಳದ್ದು. ಬೋಟು ಎಲ್ಲಿದೆ ಎಂದು ತಿಳಿಸಲು ಕೊಟ್ಟ ಪುಟ್ಟ ಪೆಟ್ಟಿಗೆಯನ್ನು ಮಾಬ್ಲ ಮನೆಯ ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟು ಕಡಲಿಗೆ ಹೋಗುತ್ತಿದ್ದ.

"ಮಾಬ್ಲಣ್ಣ, ನಿಮ್ಮ ಬೋಟು ವಾರದಿಂದ ನಿಮ್ಮ ಅಡುಗೆಮನೆಲ್ಲೇ ಅದೆ," ಎಂದಳು ಕಲ್ಪನಾ.

ನಕ್ಕವರನ್ನೆಲ್ಲ ಮಾಬ್ಲ ದುರುಗುಟ್ಟಿ ನೋಡಿದ. ಪಾಪ, ಅವಳು ಗ್ಯಾಜೆಟ್ಟನ್ನೇ ಬದಲಿಸಿದಳು. ಈಗ ಬರೀ ಹಸಿರು ದೀಪ. ಪೆಟ್ಟಿಗೆ ನೀರಿಗೆ ಬಿದ್ದರೆ ಮಾತ್ರ ಕೆಂಪು, ಆಗಷ್ಟೇ ಜಾಗ ಕಾಣುವುದು.

"ನಿಂಗೆ ಕಾಣ್ತದಲ್ಲ?" ಎಂದ ಮಾಬ್ಲ.

"ಕಂಪ್ಯೂಟರಲ್ಲಿ ಇರ್ತದೆ. ನಾ ತೆಗ್ದು ನೋಡೂದಿಲ್ಲ."

"ನಿನ್ನ ಅಣ್ಣಂಗೆ ಬೋಟ್ ಅದೆ."

ಪೆಟ್ಟಿಗೆ ಒಯ್ಯದಿದ್ದರೆ ಅನ್ನಕ್ಕೆ ನೀರಿಡುವುದಿಲ್ಲ ಎಂದು ಹೆಂಡತಿ ಗಂಗೆ ಹಟ ಹಿಡಿದದ್ದಕ್ಕೆ ಮಾಬ್ಲ ಕಡೆಗೂ ಒಯ್ದ.

ಮರುದಿನ ನೀರು ಕಪ್ಪಾಗುವಷ್ಟು ಬಂಗಡೆ ಮೀನು. ಮಾಬ್ಲ ಬೋಟಿನಲ್ಲಿ ಒಬ್ಬನೇ ಇದ್ದ. ಎಂದಿನಂತೆ ವೈರ್‌ಲೆಸ್ಸಿನಲ್ಲಿ, "ತೆಂಕಿಗೆ ಬರ್ಬೇಡಿ, ಇಲ್ಲಿ ಎಂತ ಇಲ್ಲ," ಎಂದು ಗೊಣಗಿ ಬಲೆ ಬಿಟ್ಟ. ಸ್ವಲ್ಪ ಹೊತ್ತಿಗೆ ದೂರದಿಂದ ಒಂದು ಬೋಟು ನೇರ ಅವನತ್ತಲೇ ಬರುವುದು ಕಂಡಿತು. ಕಲ್ಪನಾಳ ಅಣ್ಣ ದಿವಾಕರನದು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮಾಬ್ಲ ಪೆಟ್ಟಿಗೆಯನ್ನು ಎತ್ತಿ ಕಡಲಿಗೆಸೆದ, ವೈರ್‌ಲೆಸ್ ಆರಿಸಿದ, ಬಲೆ ಎಳೆದುಕೊಂಡು ಬೇರೆ ದಾರಿಯಿಂದ ಬಂದರಿಗೆ ಹೊರಟ. ಸಂಘದವರೆಲ್ಲರ ಎದುರು ಆ ಹುಡುಗಿಯ ಮಾನ ಕಳೆಯಬೇಕು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಬಂದರಿನಲ್ಲಿ ಒಂದೂ ಬೋಟಿರಲಿಲ್ಲ. ಕಚೇರಿಯ ಟಿವಿಯಲ್ಲಿ ಅವನ ಚೌಕ ಕೆಂಪಗಾಗಿತ್ತು. ಅದರ ಎದುರು ಗಂಗೆ ನೆಲಕ್ಕೆ ಕೂತು ಅಳುತ್ತಿದ್ದಳು. ಸಿಕ್ಕ ಮೀನು ಬಿಟ್ಟು ಊರಿನ ಬೋಟುಗಳೆಲ್ಲ ಅವನ ಹೆಣ ಹುಡುಕುತ್ತಿದ್ದವು. ಕಲ್ಪನಾ ಅವನನ್ನು ಬೈಯಲಿಲ್ಲ. ವೈರ್‌ಲೆಸ್ಸಿನ ಮೈಕು ಕೊಟ್ಟಳು.

"ದಿವಾಕರಾ, ನಾ ಬದ್ಕಿಯೇ ಇದ್ದೇನೆ, ಸಂಘದಲ್ಲಿ," ಎಂದ ಮಾಬ್ಲ. ಆದರೂ ಸಂಶಯ ಬಿಡಬೇಕಲ್ಲ. "ಆ ಜಾಗ ನಿಂಗೆ ಯಾರು ಹೇಳಿದ್ದು?"

"ನೀವೇ. ನೀವು 'ಎಂತ ಇಲ್ಲ' ಅಂದ ಬದಿಗೇ ಅಲ್ದಾ ನಾವೆಲ್ಲ ಯಾವಾಗ್ಲೂ ಹೋಗೂದು?"

ಗಂಗೆ ಅಳು ನಿಲ್ಲಿಸಿ ಗಂಡನ ಮುಖ ನೋಡಿದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮೈಕನ್ನು ಮತ್ತೆ ಬಾಯಿಗೆ ಹಿಡಿದ.

"ಕೆಂಪು ತೋರ್ಸಿದಲ್ಲೇ, ಸ್ವಲ್ಪ ತೆಂಕಿಗೆ, ರಾಶಿ ಬಂಗಡೆ ಅದೆ. ಎಲ್ಲರೂ ಬಲೆ ಬಿಡಿ."

"ಖರೆ ಹೇಳ್ತ್ರಾ, ಮಾಬ್ಲಣ್ಣ?" ಎಂದು ಕೇಳಿದ ದಿವಾಕರ.