ಬಾಗಿಲ ಪಕ್ಕ ನಿಲ್ಲುವವನು

ಎಡಗಾಲಿನ ಬೂಟು ಮುಗಿದಿತ್ತು. ಬಲಗಾಲಿನದಕ್ಕೆ ಪಾಲಿಶ್ ಮೆತ್ತಿ ಬ್ರಷ್ ಆಡಿಸುತ್ತಿದ್ದಳು ಹವಾಲ್ದಾರನ ಹೆಂಡತಿ. ಯಾರದೋ ಮನೆಜಗಳ ಬಿಡಿಸಲು ಹೋದ ಗಂಡ ಹೆಣವಾಗಿ ಬಂದು ಹಜಾರದಲ್ಲಿ ಮಲಗಿದ್ದ. ಬೂಟು ತೊಡಿಸಿದರೆ ಹೊರಡುವುದೊಂದೇ ಬಾಕಿ.

"ಸಾಕು ಬಿಡಿ ಅತ್ತಿಗೆ, ಮುಖ ಕಾಣೋ ಹಾಗಾಗಿದೆ," ಎಂದಳು ನಾದಿನಿ.

"ಹಿಮ್ಮಡಿ ಹೊಳೀಬೇಕು ಕಣೇ. ಇಲ್ದಿದ್ರೆ ದಿನವೆಲ್ಲ ಗೊಣಗ್ತಾರೆ." ಅಂದುಬಿಟ್ಟು ತುಟಿ ಕಚ್ಚಿಕೊಂಡಳು.

ಹೊರಗೆ ಠಾಣೆಯವರು ಕುರ್ಚಿ ಹಾಕಿಕೊಂಡು ಕೂತಿದ್ದರು.

"ನಮ್ಮ ಗೋಡೆಸಾಹೇಬ್ರಂಥೋರು ಇನ್ನೆಲ್ಲಿ ಸಿಗ್ತಾರಯ್ಯ," ಜೀಪಿನ ಡ್ರೈವರ್ ಮೂಗೊರೆಸಿಕೊಂಡ. "ನಮ್ಮನೆಗೆ ಊಟಕ್ಕೆ ಬಂದಾಗ್ಲೂ ಬೆಲ್ ಒತ್ತಿ ಗೋಡೆಗೆ ಅಂಟ್ಕೊಂಡು ನಿಂತಿದ್ರು. ಬಾಗಿಲು ತೆಗೆದ ನಮ್ಮಮ್ಮ, ಯಾರೂ ಇಲ್ವಲ್ಲ ಅಂತ ಮುಚ್ಚೇಬಿಟ್ಳು!"

ಅಳುತ್ತಿದ್ದವರೇ ನಕ್ಕರು. ಒಳಗೆ ಬ್ರಷ್ ನಿಂತಿತು. ಆ ಹೆಸರಿಟ್ಟವಳು ಅವಳೇ.

*

ಗಂಡಹೆಂಡಿರ ಹೊಡೆದಾಟದ ಕರೆಗಳಿಗೆ ಹೋಗಿ ಹೋಗಿ ಅವನಿಗೆ ಅದು ಮೈಗೂಡಿತ್ತು. ಯಾವ ಬಾಗಿಲಿಗೂ ಎದುರಾಗಿ ನಿಲ್ಲುತ್ತಿರಲಿಲ್ಲ; ತೆರೆದವರ ಕೈಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು. ಮಾತನ್ನು ಅಡುಗೆಮನೆಯತ್ತ ಹೋಗಗೊಡುತ್ತಿರಲಿಲ್ಲ. ಅಲ್ಲಿ ಚಾಕು ಕೈಗೆ ಸಿಗುತ್ತದೆ. ಆದರೂ ಒಬ್ಬನೇ ಹೋದಾಗ, ಇಬ್ಬರಲ್ಲಿ ಒಬ್ಬರಿಗಾದರೂ ಬೆನ್ನು ಕೊಡಲೇಬೇಕು. ಹಾಗಾಗಿ ಮೇಲಧಿಕಾರಿಗೆ ಒಂದು ಕಾಗದ ಬರೆದ: ಮನೆಜಗಳದ ಕರೆಗೆ ಯಾರನ್ನೂ ಒಂಟಿಯಾಗಿ ಕಳಿಸಬೇಡಿ. ಲಕೋಟೆಗೆ ವಿಳಾಸ ಬರೆದು, ಅಂಚೆಚೀಟಿಯನ್ನೂ ಅಂಟಿಸಿ, ಕಾಗದವನ್ನು ಹೆಂಡತಿಗೆ ಓದಿ ತೋರಿಸಿದ. ಮನೆಗೆ ನೆಂಟರು ಬಂದಿದ್ದ ಹೊತ್ತು.

"ಅಯ್ಯೋ ನನ್ನ ಗೋಡೆಸಾಹೇಬ್ರೇ! ಕಳ್ಳರಿಗೆ ಹೆದರದೋರು ಸೌಟಿಗೆ ಹೆದರ್ತೀರಾ? ಇದನ್ನ ಕಳಿಸಿದ್ರೆ ನಾನು ಬೀದೀಲಿ ತಲೆಯೆತ್ತಿ ಓಡಾಡೋದು ಬೇಡ್ವಾ?"

ಮನೆತುಂಬ ನಗು. ನಾದಿನಿಯಂತೂ ಹೊಟ್ಟೆ ಹಿಡಿದುಕೊಂಡಳು. ಅವನೂ ನಕ್ಕ. ಕಾಗದವನ್ನು ಲಕೋಟೆಗೆ ಸೇರಿಸಿ, ಪಾಲಿಶ್ ಪೆಟ್ಟಿಗೆಯ ತಳಕ್ಕೆ ಹಾಕಿಟ್ಟ. ಮತ್ತೆ ಆ ಮಾತೆತ್ತಲಿಲ್ಲ. ಹೆಸರು ಮಾತ್ರ ಬಾಯಿಂದ ಬಾಯಿಗೆ ಹಬ್ಬಿ ಠಾಣೆ ಸೇರಿತು.

*

ಬೂಟು ಒಯ್ಯಲು ಹೊಸ ಮಹಿಳಾ ಪೇದೆ ಒಳಬಂದಳು. ಹವಾಲ್ದಾರನ ಹೆಂಡತಿ ಅವಳ ಕೈ ಹಿಡಿದುಕೊಂಡಳು.

"ಒಂದು ಕೇಳ್ತೀನಿ, ಮುಚ್ಚಿಡಬೇಡಮ್ಮ. ಅವರು ಬಾಗಿಲಿಗೆ ಎದುರಾಗಿ ನಿಂತಿದ್ರಾ?"

ನನ್ನ ಗೇಲಿಗೆ ನಾಚಿ ಎದುರಿಗೆ ನಿಂತರೇನೋ ಎಂಬುದು ಸುದ್ದಿ ಬಂದಾಗಿನಿಂದ ಅವಳನ್ನು ಕೊರೆಯುತ್ತಿತ್ತು.

"ಇಲ್ಲ ಅಕ್ಕಾ. ಪಕ್ಕದಲ್ಲೇ ನಿಂತಿದ್ರಂತೆ, ಎದುರುಮನೆಯೋರು ನೋಡಿದ್ದಾರೆ. ಒಳಗೆ ಹೋಗಿ ಆ ಗಂಡಸಿನ ಕೈ ಹಿಡಿದು ಕೂರಿಸಿದ್ರು. ಅಷ್ಟರಲ್ಲಿ ಆ ಹೆಂಗಸು... ಏಟು ತಿಂದೋಳೇ ಅಕ್ಕಾ, ಫೋನ್ ಮಾಡಿ ಕರೆಸಿದೋಳೇ. ಗಂಡನ್ನ ಎಳ್ಕೊಂಡು ಹೋಗ್ತಾರೇನೋ ಅಂತ ಹೆದರಿ, ಹಿಂದಿನಿಂದ ಚಾಕು... ನಾನೂ ಬರ್ತೀನಿ ಅಂದಿದ್ದೆ. ಮನೆಜಗಳ ತಾನೇ, ಒಬ್ರು ಸಾಕು ಅಂದ್ರು ಇನ್‌ಸ್ಪೆಕ್ಟರ್ ಸಾಹೇಬ್ರು. ಬೆನ್ನು ಕಾಯೋಕೆ ಯಾರೂ ಇರಲಿಲ್ಲ."

ಹವಾಲ್ದಾರನ ಹೆಂಡತಿ ಕೈ ಬಿಟ್ಟಳು. ಪಾಲಿಶ್ ಪೆಟ್ಟಿಗೆಯತ್ತ ನೋಡಲಾರದೆ ನೋಡಿದಳು.

*

ಎಲ್ಲ ಮುಗಿಸಿ ಮರಳುವಾಗ ಅಂಚೆಡಬ್ಬಿಯ ಹತ್ತಿರ ಜೀಪು ನಿಲ್ಲಿಸಲು ಹೇಳಿದಳು. ಸೆರಗಿನೊಳಗಿಂದ ಲಕೋಟೆ ತೆಗೆದಳು.

ನಾದಿನಿಗೆ ಗುರುತು ಸಿಕ್ಕಿತು. ಅವಳ ಮುಖ ಸಣ್ಣದಾಯಿತು. "ಈಗ್ಲೇ ಹಾಕ್ಬೇಕಾ ಅತ್ತಿಗೆ? ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡೇ. ನಕ್ಕಾಗ್ಲೂ ನೋಡ್ತಿದ್ರು."

ಪೇದೆ ಕೆಳಗಿಳಿದು ಅವಳ ಹಿಂದೆ ಹೋಗಿ ನಿಂತಳು. ಲಕೋಟೆಯ ಮೇಲೆ, ಅವನ ಅಕ್ಷರದ ಪಕ್ಕ, ಅವಳ ಹೆಬ್ಬೆರಳಿನ ಬೂಟ್ ಪಾಲಿಶ್ ಕಪ್ಪಗೆ ಒತ್ತಿತ್ತು. ಒರೆಸಲಿಲ್ಲ. ಡಬ್ಬಿಯ ಬಾಯಿಗೆ ತೂರಿಸಿದಳು. ತಳಕ್ಕೆ ಬಿದ್ದ ಸದ್ದು ಕೇಳಿಸಿದ ಮೇಲೂ ಕೈ ಒಳಗೇ ಇತ್ತು.