ನಾಲ್ಕು ಡಿಗ್ರಿ

ಭಾವನ ವಿಚಾರಣೆ ಸೋಮವಾರ. ತಾನು ಕೆಲಸ ಮಾಡುವ ಆಸ್ಪತ್ರೆಯ ರಕ್ತನಿಧಿಯಲ್ಲಿ ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕದೆ ಇಪ್ಪತ್ತೆರಡು ಚೀಲ ರಕ್ತ ಕೆಡಿಸಿದ ಎಂಬುದು ಅವನ ಮೇಲಿದ್ದ ದೂರು. ಹಾಕಿದ್ದೆ ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದ. ಆ ಫ್ರಿಜ್ಜಿನ ತಂಪು ಕಾಯುವ ಕಂಟ್ರೋಲರ್ ತಯಾರಾಗುವುದು ಅವನ ನಾದಿನಿ ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ. ಬಾಗಿಲು ತೆರೆದಿದ್ದರೆ ಕೂಗುವ ಬಜರ್ ಬೇಕೆಂದು ಆಸ್ಪತ್ರೆ ಕೇಳಿತ್ತು. ನಿಮ್ಮ ಮರೆವಿಗೆ ಗಂಟೆ ಕಟ್ತಿದೀನಿ ಭಾವ ಎಂದು ಅವಳು ಅಕ್ಕನ ಎದುರೇ ಆಡಿಕೊಂಡಿದ್ದಳು.

ಬಜರಿನದು ಹತ್ತು ಸಾಲಿನ ಕೆಲಸ. ಆದರೆ ಹೊಸ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬಿಲ್ಡ್ ಆಗಲೊಲ್ಲದು, ಓಡುವ ರೂಪಕ್ಕೆ ಬರಲೊಲ್ಲದು. ಅದು ಕರೆಯುತ್ತಿರುವ ಒಂದು ಫಂಕ್ಷನ್, ತಾಪಮಾನದ ಸೆನ್ಸರ್ ಓದಲು ಹೊರಗಿನವರು ಬರೆದಿಟ್ಟ ಸಿದ್ಧ ಕೋಡಿನಲ್ಲಿ, ಅದರ ಲೈಬ್ರರಿಯಲ್ಲಿ, ಇಲ್ಲವೇ ಇಲ್ಲ ಎಂದು ಎರರ್. ಲೈಬ್ರರಿ ಬರೆದವರೇ ಕಿತ್ತುಹಾಕಿರಬೇಕೆಂದು ಅವರಿಗೆ ಹಿಡಿಶಾಪ ಹಾಕುತ್ತ ಅವಳು ಹಿಂದಿನ ಆವೃತ್ತಿ ಹಾಕಿದಳು, ಅದರ ಹಿಂದಿನದನ್ನೂ ಹಾಕಿದಳು. ಒಂಬತ್ತು ಮುಗಿದವು. ಯಾವುದರಲ್ಲೂ ಇಲ್ಲ.

ವರ್ಕ್‌ಶಾಪಿನ ಯಜಮಾನರು ಇಣುಕಿ ನೋಡಿ, ಹಳೇ ಕಂಪ್ಯೂಟರಿನಲ್ಲಿರುವ ಲೈಬ್ರರಿಯ ಫೋಲ್ಡರನ್ನೇ ಎತ್ತಿ ಹಾಕಬಾರದೇ ಎಂದರು. ಹಾಕಿದಳು. ಒಂದೇ ಏಟಿಗೆ ಬಿಲ್ಡ್ ಆಯಿತು. ಅವರು ಟೀ ಕುಡಿಯಲು ಹೋದರು.

ಯಾವ ಆವೃತ್ತಿಯಲ್ಲೂ ಇಲ್ಲದ್ದು ಇಲ್ಲಿ ಹೇಗೆ ಬಂತು? ಅವಳು ಫೈಲ್ ತೆರೆದಳು. ಆರು ಸಾಲು. ಸೆನ್ಸರ್ ಉತ್ತರ ಕೊಡದಿದ್ದರೆ ಕೊನೆಯ ಸಲ ಸಿಕ್ಕ ಅಂಕಿಯನ್ನೇ ಮತ್ತೆ ಕೊಡು ಎನ್ನುವ ಆರು ಸಾಲು. ಮೇಲೊಂದು ಟಿಪ್ಪಣಿ: ‘ಟೆಸ್ಟಿಗೆ ಮಾತ್ರ. ನಾಳೆ ತೆಗೆಯಬೇಕು.’ ಮೂರು ವರ್ಷದ ಹಿಂದಿನ ತಾರೀಖು. ಪಕ್ಕದಲ್ಲಿ ಅವಳದೇ ಹೆಸರು.

ಕೆಲಸಕ್ಕೆ ಸೇರಿದ ಮೊದಲ ವಾರವದು. ಮೇಜಿನ ಮೇಲಿದ್ದ ಸೆನ್ಸರಿನ ವೈರ್ ಸಡಿಲವಾಗಿ ಅಲಾರಂ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಈ ಆರು ಸಾಲು ಸೇರಿಸಿ ಅದರ ಬಾಯಿ ಮುಚ್ಚಿಸಿದ್ದಳು. ಆಮೇಲೆ ಮರೆತೇಬಿಟ್ಟಿದ್ದಳು. ಅಲ್ಲಿಂದಾಚೆ ಹೊರಬಿದ್ದ ಪ್ರತಿ ಕಂಟ್ರೋಲರಿನೊಳಗೂ ಅವು ಹೋಗಿದ್ದವು.

ಭಾವನಿಗೆ ಫೋನ್ ಮಾಡಿ, ಖಾಲಿ ಇರುವ ಫ್ರಿಜ್ಜಿನ ಸೆನ್ಸರ್ ವೈರ್ ಕಿತ್ತು ಬಾಗಿಲು ತೆರೆದಿಡಲು ಹೇಳಿದಳು. ಇನ್ನು ಇದೊಂದು ಬಾಕಿ ಇತ್ತು ನನ್ನ ತಲೆಗೆ ಎಂದು ಗೊಣಗುತ್ತ ಅವನು ಕಿತ್ತ. ಹತ್ತು ನಿಮಿಷ ಇಬ್ಬರೂ ಫೋನ್ ಇಡಲಿಲ್ಲ.

“ಎಷ್ಟು ತೋರಿಸ್ತಿದೆ ಭಾವ?”

“ನಾಲ್ಕು ಡಿಗ್ರಿ.”

“ಅಲಾರಂ?”

“ಇಲ್ಲ. ಮೋಟರೂ ಶುರುವಾಗಿಲ್ಲ. ಒಳಗೆ ಕೈ ಇಟ್ರೆ ಬೆಚ್ಚಗಿದೆ ಕಣೇ.”

ಅವನು ಫ್ರಿಜ್ಜಿನ ಬಾಗಿಲು ಹಾಕಿದ ಸದ್ದು ಕೇಳಿತು.

“ಅವತ್ತು ನಾನು ಬಾಗಿಲು ಹಾಕಿದ್ದೆ,” ಎಂದ.

“ಹಾಕಿದ್ರಿ. ಅವತ್ತೂ ಸೆನ್ಸರಿನ ವೈರ್ ಸಡಿಲಾಗಿರಬೇಕು. ಕೆಡಿಸಿದ್ದು ನಾನು.”

ಅವನು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇಂಥವು ಎಷ್ಟು ಕಡೆ ಇವೆ ಎಂದು ಮಾತ್ರ ಕೇಳಿದ. ನಲವತ್ತು ಆಸ್ಪತ್ರೆ ಎಂದಳು.

ಯಜಮಾನರು ಟೀ ಮುಗಿಸಿ ಬಂದರು. ಅವಳು ಮಾನಿಟರನ್ನು ಅವರ ಕಡೆ ತಿರುಗಿಸಿ, ನಡೆದದ್ದನ್ನು ಹೇಳಿದಳು. ಅವರು ಆರು ಸಾಲನ್ನೂ ಎರಡು ಸಲ ಓದಿದರು. ಕುರ್ಚಿ ಎಳೆದು ಕುಳಿತರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಇದು ಇನ್ನು ಯಾರಿಗೆ ಗೊತ್ತು?”

“ಆಸ್ಪತ್ರೆಯವರಿಗೆ,” ಎಂದಳು. “ಲೈನಿನಲ್ಲೇ ಇದ್ದಾರೆ.” ಭಾವ ಇನ್ನೂ ಇಡದಿದ್ದ ಫೋನನ್ನು ಅವರತ್ತ ಚಾಚಿದಳು.